ಬೇಡಿದ್ದು ಯಾರಿಗೆ ಕೇಳಿಸಿತು?

ದರಿಬಡಚಿಯಿಂದ ಗುಡ್ಡಾಪುರಕ್ಕೆ ನಡೆದು ಹೋಗಿ ದಾನಮ್ಮದೇವಿಗೆ ಕಾಯಿ ಒಡೆಸಿಕೊಂಡು ಬರುವುದು ನಮ್ಮವ್ವನ ವಾಡಿಕೆಯಾಗಿತ್ತು. ಬೇಡುತ್ತಿದ್ದುದು ಮಳೆ. ಜತ್ತ ತಾಲೂಕಿನಲ್ಲಿ ಇನ್ನೇನು ಬೇಡಬೇಕು? 1972ರ ಬರದಲ್ಲಿಯೂ ಬೇಡಿದಳು. ಮಳೆ ಬರಲಿಲ್ಲ, ಅವಳು ಹೋಗುವುದನ್ನು ಬಿಡಲಿಲ್ಲ. ದೇವರ ಕುರಿತಾದ ಯಾವ ಪುಸ್ತಕವನ್ನು ಕೈಗೆತ್ತಿಕೊಂಡರೂ ಈ ಹೆಂಗಸಿಗೆ ಅದರಲ್ಲಿ ಜಾಗವಿದೆಯೇ ಎಂದು ನಾನು ಮೊದಲು ನೋಡುತ್ತೇನೆ.

ದೇವರ ಪರವಾಗಿ ಬರೆದವರಲ್ಲಿ ನಮ್ಮ ಸೀಮೆಗೆ ಹತ್ತಿರದವರು ಗುರುದೇವ ರಾನಡೆ. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ಅವರಿಗೆ ನಾಮ ಕೊಟ್ಟ ಭಾವುಸಾಹೇಬ ಮಹಾರಾಜರು ನಮ್ಮ ತಾಲೂಕಿನ ಉಮದಿಯವರು. ರಾನಡೆಯವರು ಅಲಹಾಬಾದಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಕನ್ನಡ ಸಂತರ ಪರಮಾರ್ಥ ಮಾರ್ಗವನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ಗ್ರಂಥ, ಅವರು ತೀರಿಕೊಂಡ ಮೂರು ವರ್ಷದ ಮೇಲೆ, 1960ರಲ್ಲಿ ಬೆಳಕು ಕಂಡಿತು. ಅವರು ನೆಚ್ಚುವುದು ತರ್ಕವನ್ನಲ್ಲ, ಸಾಕ್ಷಿಯನ್ನು. ಬೇರೆ ಬೇರೆ ಕಾಲದ, ಬೇರೆ ಬೇರೆ ಭಾಷೆಯ ಸಂತರು ಒಂದೇ ಬಗೆಯ ಬೆಳಕು ಕಂಡರು, ಒಂದೇ ಬಗೆಯ ನಾದ ಕೇಳಿದರು. ಇಷ್ಟು ಜನ ಹೇಳುವುದು ಸುಳ್ಳಾಗಲಾರದು. ಓದುವಾಗ ಮನಸ್ಸು ತುಂಬುತ್ತದೆ. ಆದರೆ ಒಂದೇ ಬಗೆಯ ಸಾಧನೆ ಮಾಡಿದವರಿಗೆ ಒಂದೇ ಬಗೆಯ ಅನುಭವವಾದರೆ, ಅದರಿಂದ ಸಾಧನೆಯ ಶಕ್ತಿ ಸಿದ್ಧವಾದೀತು. ಹೊರಗೊಬ್ಬ ದೇವರಿದ್ದಾನೆಂಬುದು ಸಿದ್ಧವಾಗುವುದೆ?

ಎದುರು ವಾದ ಕನ್ನಡದಲ್ಲಿಯೇ ಬಂತು, ಇದು ನನಗೆ ಸಣ್ಣ ಸಂಗತಿಯಲ್ಲ. ಎ. ಎನ್. ಮೂರ್ತಿರಾಯರ 'ದೇವರು' 1991ರಲ್ಲಿ ಪ್ರಕಟವಾದಾಗ ಅವರು ತೊಂಬತ್ತು ದಾಟಿದ್ದರು. ಸರ್ವಶಕ್ತನೂ ದಯಾಮಯನೂ ಆದವನು ಇದ್ದರೆ ಲೋಕದಲ್ಲಿ ಇಷ್ಟು ನೋವು ಏಕೆ ಎಂಬ ಹಳೆಯ ಪ್ರಶ್ನೆಯನ್ನು ಅವರು ಸುಲಭವಾಗಿ ಜಾರಿಹೋಗಲು ಬಿಡುವುದಿಲ್ಲ. ದೇವರಿಲ್ಲದಿದ್ದರೆ ನೀತಿ ಕೆಡುತ್ತದೆಂಬ ಹೆದರಿಕೆಯನ್ನೂ ಒಪ್ಪುವುದಿಲ್ಲ. ಪ್ರಬಂಧಕಾರರ ಹದವಾದ ಮಾತು; ಹಟವಿಲ್ಲ. (ಈ ಸಂಚಿಕೆಯ ಮಲೆಯಾಳಿ ಓದುಗರಿಗೆ ಸಹೋದರನ್ ಅಯ್ಯಪ್ಪನ್ ನೆನಪಾಗಬಹುದು. ಗುರುವಿನ ಮೂರು 'ಒಂದು'ಗಳನ್ನು ಶಿಷ್ಯ ಮೂರು 'ಬೇಡ'ಗಳಾಗಿಸಿದ. ಅಲ್ಲಿ ದೇವರ ಪ್ರಶ್ನೆ ಎದ್ದದ್ದು ಜಾತಿಯಿಂದ, ಇಲ್ಲಿ ಹೆಚ್ಚಾಗಿ ನೋವಿನಿಂದ.)

ಇಬ್ಬರಲ್ಲಿ ನಮ್ಮವ್ವನಿಗೆ ಹೆಚ್ಚು ಮರ್ಯಾದೆ ಕೊಟ್ಟವರು ಮೂರ್ತಿರಾಯರೇ ಎಂದು ನನ್ನ ಅಭಿಪ್ರಾಯ. ಮಳೆ ಬೇಡಿದವಳಿಗೆ ರಾನಡೆಯವರ ದಾರಿ, ಬೇಡಬೇಕಾದದ್ದು ಬೇರೆ ಎನ್ನುತ್ತದೆ. ಮೂರ್ತಿರಾಯರು ಬೇಡಿದ್ದನ್ನು ಬೇಡಿದ್ದೆಂದೇ ತೆಗೆದುಕೊಂಡು, ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ ಎನ್ನುತ್ತಾರೆ. ಕಟುವಾದರೂ ನೇರ ಉತ್ತರ.

ಆ ಪುಸ್ತಕ ಓದಿದ ಹುರುಪಿನಲ್ಲಿ ಅವ್ವನ ಹತ್ತಿರ ವಾದಕ್ಕೆ ಕೂತಿದ್ದೆ. ರೊಟ್ಟಿ ಬಡಿಯುತ್ತಲೇ ಅಂದಳು: "ಮಳಿ ಅಕಿ ಕೈಯಾಗ ಇಲ್ಲಂತ ನನಗೂ ಗೊತ್ತೈತಿ. ಹೇಳಿಕೊಳ್ಳಾಕ ಯಾರರ ಬೇಕಲ್ಲೋ ತಮ್ಮಾ."

ಮೂರ್ತಿರಾಯರ ವಾದದ ಅರ್ಧವನ್ನು ಅವಳು ಓದದೆಯೇ ಒಪ್ಪಿದ್ದಳು. ಉಳಿದರ್ಧಕ್ಕಾಗಿ 'ದೇವರು' ಪುಸ್ತಕವನ್ನು ನಾನು ಮತ್ತೊಮ್ಮೆ ಮೊದಲಿನಿಂದ ಓದಬೇಕಾಯಿತು.