ಹಡಗಿನ ಮಗ್ಗುಲಿನ ಗೆರೆ

ಪಣಂಬೂರಿನ ಬಂದರಿನಲ್ಲಿ ಸರಕಿಗಾಗಿ ಕಾದು ನಿಂತ ಹಡಗಿನ ಪಾರ್ಶ್ವವನ್ನು ದಿಟ್ಟಿಸಿದವರಿಗೆ, ಅದರ ನಡುಭಾಗದಲ್ಲಿ, ಅಡ್ಡಗೆರೆಯೊಂದು ಸೀಳಿ ಹಾಯ್ದ ವೃತ್ತವೂ, ಅದರ ಬದಿಯಲ್ಲಿ ಏಣಿಯ ಮೆಟ್ಟಿಲುಗಳಂತಹ ಕಿರುಗೆರೆಗಳೂ ಕಾಣುವುವು. ಸರಕು ತುಂಬಿದಂತೆಲ್ಲ ವೃತ್ತವು ನೀರಿಗೆ ಸಮೀಪಿಸುವುದು. ಬೇಸಗೆಯ ಮೇರೆ ವೃತ್ತದ ನಡುಗೆರೆ. ಉಷ್ಣವಲಯದ ಕಡಲಿನಲ್ಲಿ ತುಸು ಮೇಲಿನ ಗೆರೆಯವರೆಗೆ ಸಲಿಗೆಯುಂಟು. ಚಳಿಗಾಲದ ಉತ್ತರ ಅಟ್ಲಾಂಟಿಕ್ಕಿಗೆ ಹೊರಟ ಸಣ್ಣ ಹಡಗಿಗಾದರೋ ಎಲ್ಲಕ್ಕೂ ಕೆಳಗಿನದೇ ಗತಿ. ಸಮುದ್ರಯಾನವನ್ನು ನಿಯಂತ್ರಿಸಲೆಳಸಿದ ಶಾಸನಗಳಲ್ಲಿ ಇಷ್ಟು ಸುಲಭವಾಗಿ ಓದಬಹುದಾದದ್ದು ಮತ್ತೊಂದಿಲ್ಲವೆಂದು ನನ್ನ ಎಣಿಕೆ. ಅಕ್ಷರವರಿಯದ ಹಮಾಲಿಯೂ ದಕ್ಕೆಯ ಮೇಲೆ ನಿಂತೇ ತಪ್ಪನ್ನು ಹಿಡಿಯಬಲ್ಲನು.

ಈ ಗೆರೆಯ ಹಿಂದೆ ದೊಡ್ಡದೊಂದು ಜಗಳವಿದೆ. ಜೀರ್ಣವಾದ ಹಡಗಿಗೆ ಮಿತಿಮೀರಿ ಹೇರಿ, ಭಾರಿ ಮೊತ್ತಕ್ಕೆ ವಿಮೆ ಮಾಡಿಸಿ, ಮುಳುಗಿದರೂ ತನಗೆ ನಷ್ಟವಿಲ್ಲವೆಂದು ನಿಶ್ಚಿಂತನಾಗಿರುವ ಮಾಲೀಕನೂ, ಕರಾರಿಗೆ ರುಜು ಹಾಕಿದ ಮೇಲೆ ಅಂತಹ ಹಡಗನ್ನೇರಲು ಒಪ್ಪದಿದ್ದುದಕ್ಕೆ ಸೆರೆಮನೆ ಸೇರುವ ನಾವಿಕನೂ ಇದ್ದ ಇಂಗ್ಲೆಂಡಿನಲ್ಲಿ, ಡರ್ಬಿಯ ಪಾರ್ಲಿಮೆಂಟ್ ಪ್ರತಿನಿಧಿ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ 1873ರಲ್ಲಿ ನಾವಿಕರ ಪರವಾಗಿ ಪುಸ್ತಕವೊಂದನ್ನು ಬರೆದನು. 1875ರ ಜುಲೈನಲ್ಲಿ ಡಿಸ್ರೇಲಿಯ ಸರ್ಕಾರ ಹಡಗು ಸಾರಿಗೆಯ ಮಸೂದೆಯನ್ನು ಕೈಬಿಟ್ಟಾಗ ಆತ ಸಭೆಯಲ್ಲೇ ಮುಷ್ಟಿ ಬಿಗಿದು ಗರ್ಜಿಸಿ, ಬಳಿಕ ಕ್ಷಮೆ ಬೇಡಬೇಕಾಯಿತು. ಆದರೆ ಆ ಗರ್ಜನೆಯೇ 1876ರ ಕಾಯಿದೆಯನ್ನು ತಂದಿತು.

ತಂದದ್ದೇನು? ಗೆರೆ ಕಡ್ಡಾಯ, ಆದರೆ ಅದನ್ನು ಎಲ್ಲಿ ಎಳೆಯಬೇಕೆಂಬುದು ಮಾಲೀಕನ ಚಿತ್ತ! ಕಾರ್ಡಿಫಿನ ಹಡಗೊಂದರಲ್ಲಿ ಹೊಗೆಕೊಳವೆಯ ಮೇಲೆಯೇ ಗೆರೆ ಎಳೆದರೆಂದು ಹೇಳುವರು. ಕಥೆ ಕಟ್ಟಿದ್ದಾದರೂ ಕಾಯಿದೆಯ ಹೃದಯವನ್ನು ಅದು ಚೆನ್ನಾಗಿ ಬಲ್ಲದು. ಸ್ಥಾನವನ್ನು ನಿಯಮದಿಂದಲೇ ಗೊತ್ತುಮಾಡಲು 1890 ಬರಬೇಕಾಯಿತು. ಬ್ರಿಟಿಷ್ ಬಂದರಿಗೆ ಬರುವ ಪರದೇಶದ ಹಡಗುಗಳೂ 1906ರಲ್ಲಿ ಅದಕ್ಕೆ ಒಳಪಟ್ಟವು. 1930 ಮತ್ತು 1966ರ ಒಡಂಬಡಿಕೆಗಳಿಂದ ಅದು ಅಂತರರಾಷ್ಟ್ರೀಯ ನಿಯಮವಾಯಿತು.

ಆದರೂ ಹಳೆಯ ಅನುಮಾನ ನನ್ನನ್ನು ಬಿಡದು. ವೃತ್ತದ ಇಕ್ಕೆಲಗಳಲ್ಲಿ ಎರಡು ಅಕ್ಷರಗಳಿರುವುವು. ಎಲ್, ಆರ್ ಎಂದಿದ್ದರೆ ಅದು ಲಾಯ್ಡ್ಸ್ ರಿಜಿಸ್ಟರ್ ಎಂಬ ಸಂಸ್ಥೆಯ ಗುರುತು. ಬಹುತೇಕ ಧ್ವಜರಾಷ್ಟ್ರಗಳು ತಪಾಸಣೆಯ ಅಧಿಕಾರವನ್ನು ಇಂತಹ ಸಂಸ್ಥೆಗಳಿಗೆ ವಹಿಸಿವೆ, ಅವುಗಳ ಶುಲ್ಕ ತೆರುವವನು ಹಡಗಿನ ಮಾಲೀಕ. ಧ್ವಜವನ್ನು ಆರಿಸಿಕೊಳ್ಳುವವನೂ ಅವನೇ: ಹಿಂಬದಿಯಲ್ಲಿ ಮನ್ರೋವಿಯ ಎಂದು ಬರೆಸಿಕೊಂಡ ಎಷ್ಟೋ ಹಡಗುಗಳು ಆ ಊರನ್ನು ಕಂಡಿರಲಿಕ್ಕಿಲ್ಲ, ಲೈಬೀರಿಯದ ನೋಂದಣಿಯನ್ನು ನಡೆಸುವ ಕಚೇರಿಯೂ ಇರುವುದು ಅಮೆರಿಕದ ವರ್ಜೀನಿಯದಲ್ಲಿ. ಸಂಸ್ಥೆಗಳ ತಜ್ಞತೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ಪರೀಕ್ಷಿಸಲ್ಪಡುವವನೇ ಪರೀಕ್ಷಕನನ್ನು ಆರಿಸುವ ಪದ್ಧತಿಯಲ್ಲಿ 1876ರ ವಾಸನೆ ಇನ್ನೂ ಉಳಿದಿದೆಯೆಂದಷ್ಟೇ ನನ್ನ ಆಕ್ಷೇಪ.

ಲೈಬೀರಿಯದ ಧ್ವಜ ಹೊತ್ತ ಅಮೊಕೊ ಕಾಡಿಜ್ ಎಂಬ ಎಣ್ಣೆಹಡಗು 1978ರಲ್ಲಿ ಫ್ರಾನ್ಸಿನ ಬ್ರಿಟನಿಯ ಕರಾವಳಿಯ ಮೇಲೆ ಎರಡು ಲಕ್ಷ ಟನ್ನಿಗೂ ಮಿಕ್ಕ ಎಣ್ಣೆಯನ್ನು ಚೆಲ್ಲಿದ ಬಳಿಕವೇ ಯೂರೋಪಿನ ರಾಷ್ಟ್ರಗಳು 1982ರಲ್ಲಿ ಪ್ಯಾರಿಸ್ಸಿನಲ್ಲಿ ಕಲೆತು, ಬಂದ ಹಡಗನ್ನು ಬಂದರೇ ಪರೀಕ್ಷಿಸುವ ಏರ್ಪಾಡನ್ನು ಬಲಪಡಿಸಿದುವು. ಹಿಂದೂ ಮಹಾಸಾಗರದ ರಾಷ್ಟ್ರಗಳಿಗೂ ಅಂತಹ ಒಪ್ಪಂದವಿದೆ, ಭಾರತವೂ ಅದರಲ್ಲಿದೆ. ಬಂದರಿನ ಪರೀಕ್ಷಕ ಹಡಗನ್ನೇರಿ ಮೊದಲು ಪ್ರಮಾಣಪತ್ರವನ್ನು ಕೇಳುವನು. ಸಂದೇಹ ಬಂದರೆ, ಪತ್ರ ಹೇಳುವ ಸ್ಥಾನದಲ್ಲಿಯೇ ಗೆರೆಯಿದೆಯೇ ಎಂದು ಅಳೆದು ನೋಡುವನು.