ಗಿಟಾರಿನಲ್ಲಿ ಸ್ಕಾಟ್ಲೆಂಡಿನ ನಾಡದನಿ

ಒಂದು ವಾದ್ಯವು ಮತ್ತೊಂದು ವಾದ್ಯದ ದನಿಯನ್ನು ತಾಳಿ ನುಡಿದರೆ ಅದನ್ನು ಕಲೆಯೆನ್ನಬೇಕೋ ವೇಷವೆನ್ನಬೇಕೋ? 1983ರಲ್ಲಿ ‘ಬಿಗ್ ಕಂಟ್ರಿ’ ಎಂಬ ಸ್ಕಾಟ್ಲೆಂಡಿನ ರಾಕ್ ಗೋಷ್ಠಿಯು ‘ದಿ ಕ್ರಾಸಿಂಗ್’ ಎಂಬ ತನ್ನ ಮೊದಲ ಧ್ವನಿಮುದ್ರಿಕೆಯನ್ನು ಹೊರತಂದಾಗ ಬಹುಮಂದಿ ಆಡಿದ ಮಾತು, ‘ಇವರ ಗಿಟಾರು ಬ್ಯಾಗ್‌ಪೈಪಿನಂತೆ ಕೇಳಿಸುತ್ತದೆ’ ಎಂಬುದು. ಮೆಚ್ಚಿದವರೂ ಅದನ್ನೇ ಹೇಳಿದರು, ಹಳಿದವರೂ ಅದನ್ನೇ ಹೇಳಿದರು. ಸ್ತುತಿಯೂ ನಿಂದೆಯೂ ಒಂದೇ ವಾಕ್ಯದಲ್ಲಿ ಅಡಗಿದ್ದರಿಂದಲೋ ಏನೋ, ಆ ವಾಕ್ಯವನ್ನು ಬಿಡಿಸಿ ನೋಡಿದವರು ಕಡಮೆ. ಪ್ರಕೃತ ಲೇಖನದಲ್ಲಿ ಆ ಕೆಲಸಕ್ಕೆ ಕೈಹಾಕಿದ್ದೇವೆ.

ಮೊದಲು ಬ್ಯಾಗ್‌ಪೈಪಿನ ಲಕ್ಷಣವನ್ನು ಅರಿಯತಕ್ಕದ್ದು. ತೊಗಲಿನ ಚೀಲಕ್ಕೆ ಗಾಳಿ ತುಂಬಿ, ಕಂಕುಳಲ್ಲಿ ಒತ್ತಿ ನುಡಿಸುವ ವಾದ್ಯವದು. ಹಾಡು ನುಡಿಸುವ ಕೊಳವೆಯಲ್ಲಿ ಒಂಬತ್ತೇ ಸ್ವರಗಳು. ಭುಜದ ಮೇಲೆ ನಿಂತ ಬೇರೆ ಮೂರು ಕೊಳವೆಗಳು ಆಧಾರಸ್ವರವನ್ನು ಎರಡು ಸ್ಥಾಯಿಗಳಲ್ಲಿ ಎಡೆಬಿಡದೆ ಹಿಡಿದಿರುತ್ತವೆ. ನಮ್ಮ ನಾಗಸ್ವರಕ್ಕೆ ಒತ್ತು ಹೇಗೋ ಹಾಗೆ. ನಿಷಾದವು ಕೈಶಿಕಿಯತ್ತ ತಗ್ಗಿರುವುದರಿಂದ ನಮ್ಮ ಕಿವಿಗೆ ಹರಿಕಾಂಭೋಜಿಯ ನೆನಪಾಗುವುದೂ ಉಂಟು. ಚೀಲದಲ್ಲಿ ಗಾಳಿಯಿರುವವರೆಗೆ ನಾದವು ನಿಲ್ಲದು. ಆದುದರಿಂದ ವಾದಕನಿಗೆ ಎರಡು ಸ್ವರಗಳ ನಡುವೆ ಮೌನವೆಂಬುದೇ ಇಲ್ಲ. ಒಂದೇ ಸ್ವರವನ್ನು ಎರಡು ಬಾರಿ ನುಡಿಸಬೇಕಾದರೆ ನಡುವೆ ಕ್ಷಣಮಾತ್ರದ ಬೇರೊಂದು ಸ್ವರವನ್ನು ಸಿಡಿಸಿಯೇ ಬೇರ್ಪಡಿಸಬೇಕು. ದನಿಯನ್ನು ಏರಿಸಿ ಇಳಿಸಿ ಭಾವವನ್ನು ತೋರುವುದಕ್ಕೂ ಎಡೆಯಿಲ್ಲ. ಆ ವಾದ್ಯದ ಅಲಂಕಾರಗಳೆಲ್ಲ ಈ ಕೊರತೆಗಳಿಂದಲೇ ಹುಟ್ಟಿದವು.

ಗಿಟಾರಿನ ಸ್ವಭಾವವು ಇದಕ್ಕೆ ತೀರ ವಿರುದ್ಧ. ಮೀಟಿದೊಡನೆ ಹುಟ್ಟಿ, ಹುಟ್ಟಿದೊಡನೆ ಕುಗ್ಗತೊಡಗುವ ನಾದ ಅದರದು. ಗೋಷ್ಠಿಯ ಗಿಟಾರುವಾದಕರಾದ ಸ್ಟೂವರ್ಟ್ ಆಡಮ್‌ಸನ್, ಬ್ರೂಸ್ ವಾಟ್ಸನ್ ಎಂಬಿಬ್ಬರೂ ಈ ತೊಡಕನ್ನು ದಾಟಲು ಉಪಕರಣಗಳ ನೆರವನ್ನು ಪಡೆದರು. ‘ಈ-ಬೋ’ ಎಂಬುದು ಅಂಗೈಯಲ್ಲಿ ಹಿಡಿಯುವ ಸಣ್ಣ ಸಾಧನ. ಮೀಟದೆಯೇ ತಂತಿಯನ್ನು ಅಯಸ್ಕಾಂತದ ಬಲದಿಂದ ಮಿಡಿಯುತ್ತಲೇ ಇರುವಂತೆ ಮಾಡುತ್ತದೆ. ‘ಪಿಚ್ ಟ್ರಾನ್ಸ್‌ಪೋಸರ್’ ಎಂಬ ಪೆಟ್ಟಿಗೆಯು ನುಡಿಸಿದ ಸ್ವರದೊಡನೆ ಬೇರೊಂದು ಎತ್ತರದ ಸ್ವರವನ್ನೂ ಕೂಡಿಸಿ ಹೊರಡಿಸುತ್ತದೆ. ಹಳಿಯುವವರು ಇವುಗಳನ್ನು ತೋರಿಸಿ, ‘ಯಂತ್ರದ ಚಮತ್ಕಾರ’ ಎನ್ನುವರು. ಆದರೆ ಇವು ಹಣ ಕೊಟ್ಟವರಿಗೆಲ್ಲ ಅಂಗಡಿಯಲ್ಲಿ ದೊರೆಯುತ್ತಿದ್ದ ಸರಕು. ಸ್ಕಾಟ್ಲೆಂಡು ಪೆಟ್ಟಿಗೆಯೊಳಗೇ ಇದ್ದಿದ್ದರೆ ಕೊಂಡವರೆಲ್ಲರ ಮನೆಯಲ್ಲಿಯೂ ಅದು ಹೊರಬೀಳಬೇಕಾಗಿತ್ತಷ್ಟೆ!

ನಮ್ಮ ಅಭಿಪ್ರಾಯದಲ್ಲಿ ನಾಡಸಂಗೀತದ ಪ್ರಭಾವವು ದನಿಯ ಬಣ್ಣಕ್ಕಿಂತ ರಚನೆಯಲ್ಲಿ ಹೆಚ್ಚಾಗಿದೆ. ‘ಫೀಲ್ಡ್ಸ್ ಆಫ್ ಫೈರ್’ ಎಂಬ ಹಾಡನ್ನು ಗಮನವಿಟ್ಟು ಕೇಳಬೇಕು. ರಾಕ್ ಸಂಗೀತದ ರೂಢಿಯಂತೆ ಒಂದು ಗಿಟಾರು ಹಿನ್ನೆಲೆಯನ್ನು ತುಂಬುತ್ತಿರಲು ಇನ್ನೊಂದು ಮುಂದೆ ನಿಂತು ವಿಲಾಸ ತೋರುತ್ತದೆ. ಇಲ್ಲಿ ಎರಡೂ ಗಿಟಾರುಗಳು ದಂಡಿನ ಪೈಪುವಾದಕರ ಸಾಲಿನಂತೆ ಧಾಟಿಯನ್ನು ಜೊತೆಜೊತೆಯಾಗಿ ಹೊತ್ತು ನಡೆಯುತ್ತವೆ. ಅಮೆರಿಕೆಯ ಕಪ್ಪು ಜನರ ಬ್ಲೂಸ್ ಸಂಗೀತದಿಂದ ರಾಕ್ ಪಡೆದ ಬಳುವಳಿಯೆಂದರೆ ತಂತಿಯನ್ನು ಬಾಗಿಸಿ ಸ್ವರವನ್ನು ಜಾರಿಸಿ ಅಳಿಸುವ ಕ್ರಮ. ಇಲ್ಲಿ ಅದು ವಿರಳ. ಸ್ವರಗಳು ಮೆಟ್ಟಿಲು ಮೆಟ್ಟಿಲಾಗಿ, ಚುಟುಕಾದ ಸಿಡಿಸ್ವರಗಳೊಡನೆ ಸಾಗುತ್ತವೆ. ಮಾರ್ಕ್ ಬ್ರೆಜಿಕಿಯವರ ಮದ್ದಳೆಯಂತೂ ಪಥಸಂಚಲನದ ಪಕ್ಕವಾದ್ಯವೇ ಸರಿ. ಇವರಾಗಲಿ, ಮಂದ್ರದ ಗಿಟಾರು ನುಡಿಸುತ್ತಿದ್ದ ಟೋನಿ ಬಟ್ಲರ್ ಅವರಾಗಲಿ ಸ್ಕಾಟರಲ್ಲ, ಇಂಗ್ಲೆಂಡಿನವರು. ಆಡಮ್‌ಸನ್ನರು ಹುಟ್ಟಿದುದೂ ಮ್ಯಾಂಚೆಸ್ಟರಿನಲ್ಲಿ. ಬೆಳೆದುದು ಡನ್‌ಫರ್ಮ್‌ಲಿನ್ ಪಟ್ಟಣದ ನೆರೆಯಲ್ಲಿ. ಇದನ್ನೊಂದು ಆಕ್ಷೇಪವೆಂದು ಎತ್ತುವವರಿಗೆ ನಾವು ಹೇಳುವುದಿಷ್ಟೆ: ಸಂಪ್ರದಾಯವು ಕಿವಿಯಿಂದ ಬರುತ್ತದೆ, ಜಾತಕದಿಂದ ಬರುವುದಿಲ್ಲ. ಅವರು ತೊಡುತ್ತಿದ್ದ ಚೌಕಳಿಯ ಅಂಗಿಯ ಚರ್ಚೆಯನ್ನು ದರ್ಜಿಗಳಿಗೆ ಬಿಡುತ್ತೇವೆ.

ಇನ್ನು ವಸ್ತುವಿನ ವಿಚಾರ. ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಬೆಟ್ಟಸೀಮೆಯ ಜಮೀನುದಾರರು ಕುರಿ ಸಾಕುವ ಲಾಭಕ್ಕಾಗಿ ಒಕ್ಕಲುಗಳನ್ನು ಎಬ್ಬಿಸಿದರು. ಸಾವಿರಾರು ಸಂಸಾರಗಳು ಕಡಲು ದಾಟಿ ಕೆನಡಾ ಮೊದಲಾದ ದೇಶಗಳನ್ನು ಸೇರಿದವು. ಆ ಸೀಮೆಯ ಹಾಡುಗಳಲ್ಲಿ ಊರು ಬಿಟ್ಟವರ ಕರುಣರಸವು ಬೆರೆತಿರುವುದು ಅದರಿಂದ. 1984ರ ‘ಸ್ಟೀಲ್‌ಟೌನ್’ ಧ್ವನಿಮುದ್ರಿಕೆಯಲ್ಲಿ ಆಡಮ್‌ಸನ್ನರು ಇದೇ ರಸವನ್ನು ತಮ್ಮ ಕಾಲಕ್ಕೆ ತಂದರು. ಹೆಸರಿನ ಹಾಡಿನ ವಸ್ತು ಇಂಗ್ಲೆಂಡಿನ ಕಾರ್ಬಿ ಪಟ್ಟಣ. 1930ರ ದಶಕದಲ್ಲಿ ಕೆಲಸವನ್ನರಸಿ ಅಲ್ಲಿಯ ಉಕ್ಕಿನ ಕಾರ್ಖಾನೆಗೆ ಹೋದ ಸ್ಕಾಟರ ಸಂಖ್ಯೆ ಎಷ್ಟಿತ್ತೆಂದರೆ ಆ ಊರಿಗೆ ‘ಕಿರಿಯ ಸ್ಕಾಟ್ಲೆಂಡ್’ ಎಂಬ ಅಡ್ಡಹೆಸರೇ ಬಿತ್ತು. 1980ರಲ್ಲಿ ಅಲ್ಲಿ ಉಕ್ಕು ಕಾಯಿಸುವುದು ನಿಂತಿತು. ಒಮ್ಮೆ ಊರು ಬಿಟ್ಟು ಬಂದವರಿಗೆ ಬಂದ ಊರೂ ಬರಿದಾಯಿತು. ಈ ಸಂಗತಿಯನ್ನು ಶೋಕಗೀತೆಯ ಧಾಟಿಯಲ್ಲಿ ಹಾಡದೆ ಕಬ್ಬಿಣದ ಬಡಿತದಂತಹ ನಡೆಯಲ್ಲಿ ಹಾಡಿರುವುದು ಕವಿಯ ಔಚಿತ್ಯಪ್ರಜ್ಞೆಗೆ ಸಾಕ್ಷಿ. ದೋಷವೂ ಇದೆ: ವಾದ್ಯಗಳ ದಟ್ಟಣೆಯಲ್ಲಿ ಸಾಹಿತ್ಯವು ಮುಳುಗಿ, ಮಾತು ತಿಳಿಯಬೇಕಾದರೆ ಮೂರು ಸಲ ಕೇಳಬೇಕಾಗುತ್ತದೆ. 1987ರಲ್ಲಿ ‘ಪ್ರೊಕ್ಲೇಮರ್ಸ್’ ಎಂಬ ಅವಳಿ ಸಹೋದರರು ‘ಲೆಟರ್ ಫ್ರಮ್ ಅಮೆರಿಕ’ ಹಾಡಿನಲ್ಲಿ ಅಂದಿನ ವಲಸೆಯನ್ನೂ ಇಂದಿನ ಕಾರ್ಖಾನೆಗಳ ಮುಚ್ಚುವಿಕೆಯನ್ನೂ ಇದೇ ರೀತಿ ಹೆಣೆದರು. ಅಲ್ಲಿ ಒಂದೊಂದು ಅಕ್ಷರವೂ ಸ್ಪಷ್ಟ.

‘ರನ್‌ರಿಗ್’ ಗೋಷ್ಠಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ವಿಷಯವು ಇನ್ನೂ ತಿಳಿಯಾಗುವುದು. ಸ್ಕೈ ದ್ವೀಪದಲ್ಲಿ 1973ರಲ್ಲಿ ಹುಟ್ಟಿದ ಈ ಗೋಷ್ಠಿಯ ಮೊದಲ ಮುದ್ರಿಕೆ (1978) ಪೂರ್ತಿಯಾಗಿ ಗೇಲಿಕ್ ಭಾಷೆಯದು. 1981ರ ಜನಗಣತಿಯಲ್ಲಿ ಸ್ಕಾಟ್ಲೆಂಡಿನಲ್ಲಿ ಆ ಭಾಷೆಯನ್ನಾಡುವವರು ಸುಮಾರು 80 ಸಾವಿರ ಮಾತ್ರ ಎಂಬುದನ್ನು ನೆನೆದರೆ ಅವರ ಧೈರ್ಯವು ತಿಳಿದೀತು. ಅವರಲ್ಲಿ ಗಿಟಾರು ನುಡಿಸುತ್ತಿದ್ದ ಮಾಲ್ಕಮ್ ಜೋನ್ಸರು ಬ್ಯಾಗ್‌ಪೈಪನ್ನೂ ನುಡಿಸಬಲ್ಲವರು. ಗಿಟಾರಿಗೆ ಆ ವೇಷವನ್ನು ತೊಡಿಸುವ ಅಗತ್ಯವೇ ಅವರಿಗಿರಲಿಲ್ಲ. ಆದರೆ 1987ರ ‘ದಿ ಕಟರ್ ಅಂಡ್ ದಿ ಕ್ಲ್ಯಾನ್’ ಮುದ್ರಿಕೆಯನ್ನು ಕೇಳಿದಾಗ, ಭಾಷೆಯು ಕಾವಲಿಗಿದೆಯೆಂಬ ನೆಚ್ಚಿಕೆಯಿಂದ ವಾದ್ಯವು ನಿದ್ರೆಗೆ ಜಾರಿದೆಯೆಂದು ನಮಗೆ ಅನಿಸಿತು. ಕಂಠಗಳು ಸ್ಕೈ ದ್ವೀಪದವು, ಹಿಮ್ಮೇಳವು ಎಲ್ಲಿಯದಾದರೂ ಆಗಬಹುದು. ಬಿಗ್ ಕಂಟ್ರಿಯವರಿಗೆ ಆ ಆಸರೆಯಿರಲಿಲ್ಲ. ಹಾಡುವ ಭಾಷೆ ಇಂಗ್ಲಿಷು. ನಾಡು ಬದುಕಬೇಕಾದರೆ ತಂತಿಯಲ್ಲಿಯೇ ಬದುಕಬೇಕು. ಅವರ ಗಿಟಾರಿನಲ್ಲಿ ಕಾಣುವ ಕಷ್ಟಸಹಿಷ್ಣುತೆಗೆ ಇದೇ ಕಾರಣವೆಂದು ತೋರುತ್ತದೆ.

ಅದನ್ನು ಅವರೇ ಒಮ್ಮೆ ಕೈಬಿಟ್ಟರು. 1988ರ ‘ಪೀಸ್ ಇನ್ ಅವರ್ ಟೈಮ್’ ಮುದ್ರಿಕೆಯಲ್ಲಿ ಧ್ವನಿಯನ್ನೆಲ್ಲ ಒರೆಸಿ ಹೊಳಪಿಟ್ಟು ಅಮೆರಿಕೆಯ ಅಭಿರುಚಿಗೆ ಒಪ್ಪಿಸಿದಂತಿದೆ. ಜೊತೆ ನಡೆಯುತ್ತಿದ್ದ ಗಿಟಾರುಗಳು ಹಿಂದೆ ಸರಿದು ನಿಂತಿವೆ. ಬ್ಯಾಗ್‌ಪೈಪಿನ ಹಳೆಯ ದೂರನ್ನು ಹೊರಿಸಲು ಅಲ್ಲಿ ಅವಕಾಶವೇ ಇಲ್ಲ. ಆಡಮ್‌ಸನ್ನರು 2001ರ ಡಿಸೆಂಬರಿನಲ್ಲಿ, ತಮ್ಮ 43ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕೇಳಲೆಳಸುವ ವಾಚಕರು ‘ದಿ ಕ್ರಾಸಿಂಗ್’ನ ಕೊನೆಯ ಹಾಡಾದ ‘ಪೊರೋಮನ್’ನಿಂದ ಆರಂಭಿಸಬಹುದು. ಸುಮಾರು ಎಂಟು ನಿಮಿಷಗಳ ಆ ರಚನೆಯಲ್ಲಿ ಮಾತು ಸ್ವಲ್ಪ, ವಾದ್ಯವೇ ಬಹಳ.