ಒಂದು ಪುಸ್ತಕ, ಎರಡು ಊರು

ನಮ್ಮ ಸಂಘದ ವಾಚನಾಲಯದಲ್ಲಿ ಕಾದಂಬರಿಗಳು ಕೈಯಿಂದ ಕೈಗೆ ಹೋಗಿ ಬೆನ್ನು ಹರಿದುಕೊಂಡಿವೆ. ಅವುಗಳ ಪಕ್ಕದಲ್ಲಿ ಹೊಸತಾಗಿಯೇ ಉಳಿದಿದ್ದ ಪುಸ್ತಕವೊಂದನ್ನು ಕಳೆದ ತಿಂಗಳು ಮನೆಗೆ ತಂದು ಓದಿದೆವು. ಪತ್ರಕರ್ತ ಪಿ. ಸಾಯಿನಾಥರು 1996ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಗ್ರಂಥವನ್ನು ಜಿ. ಎನ್. ಮೋಹನ್ ಅವರು ‘ಬರ ಅಂದ್ರೆ ಎಲ್ಲರಿಗೂ ಇಷ್ಟ’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದಿದ್ದಾರೆ.

1991ರಲ್ಲಿ ದೇಶವು ವಿದೇಶೀ ಬಂಡವಾಳಕ್ಕೆ ಬಾಗಿಲು ತೆರೆಯಿತಷ್ಟೆ. ಎಲ್ಲರ ಕಣ್ಣೂ ಷೇರುಪೇಟೆಯ ಮೇಲಿದ್ದ ಆ ವರ್ಷಗಳಲ್ಲಿ ಸಾಯಿನಾಥರು ಕಾಲಾಹಂಡಿ, ಗೊಡ್ಡಾ, ರಾಮನಾಡಿನಂಥ ಅತಿ ಬಡ ಜಿಲ್ಲೆಗಳನ್ನು ಸುತ್ತಿದರು. ಬಡತನವು ಒಂದು ದಿನದ ಘಟನೆಯಲ್ಲ, ದಿನದಿನವೂ ನಡೆಯುವ ಕ್ರಿಯೆ. ಪತ್ರಿಕೆಗಳು ಘಟನೆಯನ್ನು ಮಾತ್ರ ಕಾಣುತ್ತವೆ ಎಂಬುದು ಅವರ ಮುಖ್ಯ ವಾದ. ಕಣ್ಣೀರು ಸುರಿಸದೆ, ಲೆಕ್ಕ ಕೊಟ್ಟು ಬರೆದಿರುವುದೇ ಈ ಗ್ರಂಥದ ದೊಡ್ಡ ಗುಣ.

ಆದರೆ ಒಂದು ಕೊರತೆ ನಮ್ಮನ್ನು ಕಾಡಿತು. ಅಧಿಕಾರಿ, ಗುತ್ತಿಗೆದಾರ, ಸಾಹುಕಾರರೆಲ್ಲ ಇಲ್ಲಿ ಸಿಕ್ಕಿಬೀಳುತ್ತಾರೆ. ತಿಂಗಳ ಸಂಬಳದ ಓದುಗರಾದ ನಾವು ಮಾತ್ರ ದೂರದ ಊರಿನ ಕಥೆಯೆಂದು ಮರುಗಿ ತಪ್ಪಿಸಿಕೊಳ್ಳುತ್ತೇವೆ. ಹೆಸರಿನಲ್ಲಿರುವ ‘ಎಲ್ಲರಿಗೂ’ ಎಂಬ ಮಾತಿನಲ್ಲಿ ನಾವೂ ಸೇರಿದ್ದೇವೆಯೆ? ನಾವು ಬಲ್ಲ ಎರಡು ಊರುಗಳಲ್ಲಿಟ್ಟು ನೋಡಿದೆವು.

ನಾಸಿಕ ಜಿಲ್ಲೆಯ ಲಾಸಲಗಾಂವ್ ಈರುಳ್ಳಿ ಮಾರುಕಟ್ಟೆ ಎಲ್ಲರಿಗೂ ಗೊತ್ತು. 2023ರ ಡಿಸೆಂಬರಿನಲ್ಲಿ ಸರಕಾರವು ಈರುಳ್ಳಿಯ ರಫ್ತನ್ನು ನಿಷೇಧಿಸಿತು. ತೆರವಾದದ್ದು 2024ರ ಮೇ ತಿಂಗಳಲ್ಲಿ. ಬೆಲೆ ಇಳಿದಾಗ ನಮ್ಮ ಮನೆಯವರಿಗೂ ನಮಗೂ ಸಮಾಧಾನವೇ ಆಯಿತು. ಕೂಲಿಯವನ ರೊಟ್ಟಿಗೂ ಈರುಳ್ಳಿ ಬೇಕು, ನಿಜ. ಆದರೆ ಆ ಖರ್ಚನ್ನೆಲ್ಲ ರೈತನೇ ಏಕೆ ಹೊರಬೇಕು? ಡೀಸೆಲ್ ಕೊಳ್ಳುವಾಗ ಜಗತ್ತಿನ ಪೇಟೆ ಅವನಿಗೆ ತೆರೆದೇ ಇರುತ್ತದೆ. ಬೆಳೆ ಮಾರುವಾಗ ಮುಚ್ಚುತ್ತದೆ. ಬೆಲೆ ಏರಿದರೆ ನಮಗೆ ವರ್ಷಕ್ಕೆರಡು ಸಲ ತುಟ್ಟಿಭತ್ತೆ ಪರಿಷ್ಕರಣೆ ಉಂಟು. ಬೆಲೆ ಬಿದ್ದರೆ ಅವನಿಗೆ ಯಾವ ಭತ್ತೆ?

ಇನ್ನೊಂದು, ನಾವು ಹಿಂದೆ ನೌಕರಿಯಲ್ಲಿದ್ದ ಛತ್ರಪತಿ ಸಂಭಾಜಿನಗರ, 2023ರವರೆಗೆ ಔರಂಗಾಬಾದ್. 2010ರ ಅಕ್ಟೋಬರಿನಲ್ಲಿ ಅಲ್ಲಿಯ ಉದ್ಯಮಿಗಳು, ವೈದ್ಯರು, ವಕೀಲರು ಮುಂತಾದವರು ಒಟ್ಟುಗೂಡಿ ಒಂದೇ ದಿನ 150 ಮರ್ಸಿಡಿಸ್ ಕಾರುಗಳನ್ನು ಕೊಂಡರು. ಬೆಲೆ ಸುಮಾರು 65 ಕೋಟಿ ರೂಪಾಯಿ. ಹಲವರಿಗೆ ಬ್ಯಾಂಕು ಶೇಕಡ 7ರ ಬಡ್ಡಿಗೆ ಸಾಲ ಕೊಟ್ಟಿತ್ತು; ಟ್ರ್ಯಾಕ್ಟರ್ ಕೊಳ್ಳುವ ರೈತನಿಗೆ ಬಡ್ಡಿ ಅದಕ್ಕಿಂತ ಹೆಚ್ಚು. ನಾವು ಆ ಸುದ್ದಿಯನ್ನು ಕಚೇರಿಯಲ್ಲಿ ಹೆಮ್ಮೆಯಿಂದಲೇ ಓದಿ ಹೇಳಿದ್ದೆವು.

2020ರ ಮೇ 8ರ ನಸುಕಿನಲ್ಲಿ, ಅದೇ ಜಿಲ್ಲೆಯ ಕರಮಾಡ್ ಬಳಿ, ಹಳಿಯ ಮೇಲೆ ಮಲಗಿದ್ದ 16 ಮಂದಿ ಕಾರ್ಮಿಕರು ಗೂಡ್ಸ್ ಗಾಡಿಗೆ ಸಿಕ್ಕಿ ಸತ್ತರು. ಜಾಲನಾದ ಉಕ್ಕಿನ ಕಾರಖಾನೆಯಿಂದ ಮಧ್ಯಪ್ರದೇಶದ ತಮ್ಮ ಊರಿಗೆ ಹೊರಟವರು. ಲಾಕ್‌ಡೌನಿನಿಂದಾಗಿ ನಡೆದೇ ಹೊರಟಿದ್ದರು. ಕಾರೂ ಸುದ್ದಿಯಾಯಿತು, ಸಾವೂ ಸುದ್ದಿಯಾಯಿತು. ನಡುವಿನ ಹತ್ತು ವರ್ಷ ಆ ಕಾರ್ಮಿಕರು ಏನು ಉಂಡರು, ಎಲ್ಲಿ ಮಲಗಿದರು ಎಂಬುದು ಸುದ್ದಿಯಾಗಲಿಲ್ಲ. ಸಾಯಿನಾಥರ ವಾದಕ್ಕೆ ಇದಕ್ಕಿಂತ ಸಮೀಪದ ಸಾಕ್ಷಿ ಬೇಕಿಲ್ಲ.

ಪುಸ್ತಕ ಮುಗಿಸಿದ ಮೇಲೆ ನಮಗೊಂದು ನೆನಪಾಯಿತು. ನಮ್ಮ ಬಡಾವಣೆಯಲ್ಲಿ ಕಟ್ಟಡ ಏಳುತ್ತಿದ್ದಾಗ ನಲ್ಲಿಯ ಬಳಿ ಯಾದಗಿರಿ ಕಡೆಯ ಕನ್ನಡ ಕೇಳಿಸುತ್ತಿತ್ತು. ಆ ಸಲದ ರಾಜ್ಯೋತ್ಸವದ ಆಮಂತ್ರಣ ಹಂಚುತ್ತ ನಾವು ಅದೇ ದಾರಿಯಲ್ಲಿ ಎಷ್ಟೋ ಬಾರಿ ಹೋದೆವು. ಅವರಿಗೆ ಮಾತ್ರ ಕೊಡಲಿಲ್ಲ. ಯಾರೂ ಬೇಡವೆಂದಿರಲಿಲ್ಲ, ನಮಗೇ ತೋಚಲಿಲ್ಲ.

ಪುಸ್ತಕವನ್ನು ಕಪಾಟಿಗೆ ಹಿಂತಿರುಗಿಸಿದ್ದೇವೆ. ಸದಸ್ಯ ಬಾಂಧವರು ಓದಬೇಕೆಂದು ವಿನಂತಿ. ಮುಂದಿನ ನವೆಂಬರಿನ ಆಮಂತ್ರಣಗಳಲ್ಲಿ ಕೆಲವನ್ನು ನಮ್ಮ ಕೈಗೆ ಹೆಚ್ಚಾಗಿ ಕೊಡಬೇಕೆಂದು ಕಾರ್ಯದರ್ಶಿಗಳನ್ನೂ ಕೇಳಿಕೊಂಡಿದ್ದೇವೆ.